ಅಷ್ಟು ಜನ ಇದ್ದಾರಲ್ಲ!

ರಸ್ತೆಯಲ್ಲಿ ಒಬ್ಬ ಬಿದ್ದಿದ್ದಾನೆ. ಸುತ್ತ ಹತ್ತು ಮಂದಿ ನಿಂತಿದ್ದಾರೆ. ನೀವು ಹನ್ನೊಂದನೆಯವರು. ಏನು ಮಾಡುತ್ತೀರಿ? ಸ್ಟುಡಿಯೋದಲ್ಲಿ ಈ ಪ್ರಶ್ನೆ ಕೇಳಿದರೆ ಎಲ್ಲರ ಉತ್ತರವೂ ಒಂದೇ: ಖಂಡಿತ ಸಹಾಯ ಮಾಡುತ್ತೇವೆ. ಕ್ಯಾಮೆರಾ ಎದುರಿಗಿರುವಾಗ ಬೇರೆ ಉತ್ತರ ಬರುವುದಾದರೂ ಹೇಗೆ? ಆದರೆ ದೀಪಗಳನ್ನು ಆರಿಸಿದ ಮೇಲೆ, ಕಾಫಿ ಕುಡಿಯುತ್ತಾ, ಅದೇ ಜನ ಮೆಲ್ಲಗೆ ಬೇರೆ ಮಾತು ಆಡುತ್ತಾರೆ. ಆ ಎರಡನೆಯ ಮಾತಿನ ಬಗ್ಗೆ ಈ ಲೇಖನ.

ಈ ವಿಷಯದ ಚರ್ಚೆ ಸಾಮಾನ್ಯವಾಗಿ ನ್ಯೂಯಾರ್ಕಿನ ಒಂದು ಕೊಲೆಯಿಂದ ಶುರುವಾಗುತ್ತದೆ. 1964ರ ಮಾರ್ಚ್ 13ರ ನಸುಕಿನಲ್ಲಿ, ಕ್ಯೂ ಗಾರ್ಡನ್ಸ್ ಎಂಬ ಬಡಾವಣೆಯಲ್ಲಿ, ಕಿಟ್ಟಿ ಜೆನೊವೀಸ್ ಎಂಬ 28 ವರ್ಷದ ಯುವತಿ ಕೆಲಸ ಮುಗಿಸಿ ಮನೆಗೆ ಮರಳುವಾಗ ಇರಿತಕ್ಕೊಳಗಾಗಿ ಸತ್ತಳು. ನೆರೆಹೊರೆಯ 38 ಮಂದಿ ಅರ್ಧ ಗಂಟೆಗೂ ಹೆಚ್ಚು ಕಾಲ ಸುಮ್ಮನೆ ನೋಡುತ್ತಿದ್ದರು ಎಂದು 'ನ್ಯೂಯಾರ್ಕ್ ಟೈಮ್ಸ್' ಮುಖಪುಟದಲ್ಲಿ ಬರೆಯಿತು. ಕಥೆ ಪಠ್ಯಪುಸ್ತಕಗಳನ್ನು ಸೇರಿತು. ಆದರೆ ಅದು ಅರ್ಧ ಸತ್ಯ. ಹೆಚ್ಚಿನವರಿಗೆ ಕೇಳಿಸಿದ್ದು ಕೂಗು ಮಾತ್ರ. ಎರಡನೆಯ ದಾಳಿ ನಡೆದದ್ದು ಕಟ್ಟಡದ ಒಳಗೆ, ಬೀದಿಯವರಿಗೆ ಕಾಣದ ಕಡೆ. ಒಬ್ಬ ಕಿಟಕಿಯಿಂದ ಗದರಿಸಿದ್ದ. ನೆರೆಮನೆಯ ಮಹಿಳೆಯೊಬ್ಬರು ಓಡಿಬಂದು ಆಕೆಯನ್ನು ತೋಳುಗಳಲ್ಲಿ ಹಿಡಿದುಕೊಂಡಿದ್ದರು. ತನ್ನ ವರದಿಯಲ್ಲಿ ದೋಷಗಳಿದ್ದವೆಂದು ಪತ್ರಿಕೆ 2016ರಲ್ಲಿ ಒಪ್ಪಿಕೊಂಡಿತು. ನಮ್ಮ ವೃತ್ತಿಯವರು ನೆನಪಿಡಬೇಕಾದ ಪ್ರಸಂಗ ಇದು: ಇಡೀ ಒಂದು ಬಡಾವಣೆ ಐವತ್ತು ವರ್ಷ ಆ ಕಳಂಕ ಹೊತ್ತಿತ್ತು.

ಆದರೂ ಆ ವರದಿಯಿಂದ ಒಂದು ಒಳ್ಳೆಯದಾಯಿತು. ಜಾನ್ ಡಾರ್ಲಿ, ಬಿಬ್ ಲಟಾನೆ ಎಂಬ ಇಬ್ಬರು ಮನಃಶಾಸ್ತ್ರಜ್ಞರು ಇದನ್ನು ಪ್ರಯೋಗಕ್ಕೆ ಒಡ್ಡಿದರು. ವಿದ್ಯಾರ್ಥಿಗಳನ್ನು ಬೇರೆ ಬೇರೆ ಕೋಣೆಗಳಲ್ಲಿ ಕೂರಿಸಿ ಮೈಕ್ ಮೂಲಕ ಮಾತನಾಡಲು ಹೇಳಿದರು. ನಡುವೆ ಒಂದು ದನಿ ತೊದಲತೊಡಗುತ್ತದೆ, ಮೂರ್ಛೆ ಬರುತ್ತಿದೆ ಎಂದು ಸಹಾಯ ಬೇಡುತ್ತದೆ. (ಅದು ಮೊದಲೇ ಧ್ವನಿಮುದ್ರಿಸಿದ್ದು.) ಕೇಳುತ್ತಿರುವವನು ತಾನೊಬ್ಬನೇ ಎಂದುಕೊಂಡವರಲ್ಲಿ, ಆ ದನಿ ನಿಲ್ಲುವ ಮೊದಲೇ ಎದ್ದು ಹೋಗಿ ತಿಳಿಸಿದವರು ಶೇಕಡಾ 85. ಇನ್ನೂ ನಾಲ್ವರು ಕೇಳುತ್ತಿದ್ದಾರೆ ಎಂದು ನಂಬಿದವರಲ್ಲಿ ಶೇಕಡಾ 31. 1968ರಲ್ಲಿ ಪ್ರಕಟವಾದ ಫಲಿತಾಂಶ ಇದು. ವ್ಯಕ್ತಿಗಳು ಅದೇ ಬಗೆಯವರು. ಬದಲಾದದ್ದು ತಲೆಗಳ ಲೆಕ್ಕ ಮಾತ್ರ. ಹೊಣೆಯನ್ನು ಐದು ಪಾಲು ಮಾಡಿದಾಗ ಒಬ್ಬೊಬ್ಬನ ಪಾಲಿಗೆ ಬರುವುದು ಎದ್ದು ಹೋಗಲು ಸಾಲುವುದಿಲ್ಲ.

ಇದೇ ಪ್ರಯೋಗದ ಇನ್ನೊಂದು ಅಂಶ ಅಷ್ಟಾಗಿ ಚರ್ಚೆಗೆ ಬರುವುದಿಲ್ಲ. ಕೊನೆಗೂ ಎದ್ದು ಹೋಗದವರ ಕೋಣೆಗೆ ಸಂಶೋಧಕರು ಹೋದಾಗ ಕಂಡದ್ದೇನು? ನಡುಗುವ ಕೈ, ಬೆವೆತ ಅಂಗೈ. ಆತನಿಗೆ ಏನಾಯಿತು ಎಂಬ ಆತಂಕದ ಪ್ರಶ್ನೆ. ಸಹಾಯ ಮಾಡಿದವರಿಗಿಂತ ಇವರೇ ಹೆಚ್ಚು ಕಂಗಾಲಾಗಿದ್ದರು. ಅವರದು ಕಲ್ಲು ಹೃದಯವಲ್ಲ. 'ಮಾಡುವುದಿಲ್ಲ' ಎಂದು ಅವರು ತೀರ್ಮಾನಿಸಿಯೇ ಇರಲಿಲ್ಲ, ತೀರ್ಮಾನವಿಲ್ಲದೆ ಕುಳಿತಿದ್ದರು, ಅಷ್ಟರಲ್ಲಿ ಹೊತ್ತು ಮೀರಿತ್ತು. ಪಾಪಪ್ರಜ್ಞೆ ಹುಟ್ಟುವುದು ಅಲ್ಲಿ.

ಇದನ್ನು ಓದಿದಾಗ ನನಗೆ ನೆನಪಾದದ್ದು ನನ್ನ ತಂದೆ. ಶಾಲಾ ಮಾಸ್ತರರು. ರಾತ್ರಿ ಊಟವಾದ ಮೇಲೆ ನಮಗೆ ಭಾರತದ ಕಥೆ ಹೇಳುತ್ತಿದ್ದರು. ದ್ರೌಪದಿಯನ್ನು ಸಭೆಗೆ ಎಳೆತಂದಾಗ ಹಿರಿಯರು ಬಾಯಿಮುಚ್ಚಿ ಕುಳಿತದ್ದು, ಕೌರವರಲ್ಲೇ ಒಬ್ಬನಾದ ವಿಕರ್ಣ ಎದ್ದು ಇದು ಅನ್ಯಾಯ ಎಂದದ್ದು, ನೀನಿನ್ನೂ ಹುಡುಗ ಎಂದು ಕರ್ಣ ಅವನನ್ನು ಕೂರಿಸಿದ್ದು. ಆ ಭಾಗ ಬಂದಾಗ ಅವರ ಗಂಟಲು ಕಟ್ಟುತ್ತಿತ್ತು.

1988ರ ಒಂದು ಭಾನುವಾರ. ತುಮಕೂರಿನಿಂದ ಶಿರಾ ಕಡೆ ಸ್ಕೂಟರಿನಲ್ಲಿ ಹೋಗುತ್ತಿದ್ದೆವು. ಹುಣಸೆಮರದ ಕೆಳಗೆ ಸೈಕಲ್ ಸವಾರನೊಬ್ಬ ಬಿದ್ದಿದ್ದ, ತಲೆಯಿಂದ ರಕ್ತ. ಜನ ನಿಂತಿದ್ದರು. ತಂದೆ ಗಾಡಿ ನಿಧಾನ ಮಾಡಿದರು, ಒಂದು ಕಾಲು ನೆಲಕ್ಕೆ ಊರಿದರು. ಮತ್ತೆ ಗೇರು ಹಾಕಿದರು. "ಅಷ್ಟು ಜನ ಇದ್ದಾರಲ್ಲ" ಎಂದರು. ಸ್ವಲ್ಪ ದೂರ ಹೋದ ಮೇಲೆ, "ಪೊಲೀಸು, ಕೋರ್ಟು ಅಂತ ಅಲೆಯೋದು ನಮಗ್ಯಾಕೆ?" ಎಂದರು. ಮರುದಿನ ಪತ್ರಿಕೆಯನ್ನು ಬಾಗಿಲಲ್ಲಿ ನಿಂತೇ ಓದಿದರು, ಜಿಲ್ಲೆಯ ಸುದ್ದಿಯ ಪುಟವನ್ನು ಮೊದಲು.

ಆ ಭಯಕ್ಕೆ ಆಧಾರವಿತ್ತು, ನಿಜ. ಅದೇ ಕಾಲದಲ್ಲಿ, ಕಾರು ಬಡಿದ ಸ್ಕೂಟರ್ ಸವಾರನನ್ನು ದಾರಿಹೋಕನೊಬ್ಬ ಹತ್ತಿರದ ಆಸ್ಪತ್ರೆಗೆ ಹೊತ್ತು ತಂದರೆ, ಇಂಥ ಪೊಲೀಸ್ ಪ್ರಕರಣ ಇಲ್ಲಿ ನೋಡುವುದಿಲ್ಲ ಎಂದು 20 ಕಿಲೋಮೀಟರ್ ದೂರದ ಇನ್ನೊಂದಕ್ಕೆ ಅಟ್ಟಿದರು. ಗಾಯಾಳು ದಾರಿಯಲ್ಲೇ ಸತ್ತ. ಪರಮಾನಂದ ಕಟಾರಾ ಎಂಬುವರು ಆ ಸುದ್ದಿಯನ್ನು ಸುಪ್ರೀಂ ಕೋರ್ಟಿಗೆ ಒಯ್ದರು. ಮೊದಲು ಚಿಕಿತ್ಸೆ, ಆಮೇಲೆ ಕಾಗದಪತ್ರ ಎಂದು ಕೋರ್ಟು 1989ರಲ್ಲಿ ಹೇಳಿತು.

ಹಾಗಾದರೆ ನಾನು ತಂದೆಯಿಂದ ಕಲಿತದ್ದು ವಿಕರ್ಣನನ್ನೋ, ಗೇರು ಹಾಕುವುದನ್ನೋ? ಜೇಮ್ಸ್ ಬ್ರಯನ್ ಮತ್ತು ನ್ಯಾನ್ಸಿ ವಾಲ್ಬೆಕ್ 1970ರಲ್ಲಿ ಪ್ರಕಟಿಸಿದ ಪ್ರಯೋಗ ಇದಕ್ಕೆ ಹತ್ತಿರದ್ದು. ಮಕ್ಕಳೆದುರು ಒಬ್ಬರು ಆಟವಾಡಿ ಬಹುಮಾನ ಗೆಲ್ಲುತ್ತಾರೆ. ಬಡ ಮಕ್ಕಳಿಗೆ ಕೊಡುವುದು ಒಳ್ಳೆಯದು ಎಂದು ಬೋಧಿಸಿ, ತಾವು ಮಾತ್ರ ಕೊಡದೆ ಇಟ್ಟುಕೊಂಡವರನ್ನೂ ಮಕ್ಕಳು ನೋಡಿದರು. ಆಮೇಲೆ ಮಕ್ಕಳ ಸರದಿ. ಅವರ ಕೈ ಅನುಸರಿಸಿದ್ದು ದೊಡ್ಡವರ ಕೈಯನ್ನು. ಬಾಯಿ ಅನುಸರಿಸಿದ್ದು ಬಾಯನ್ನು. ಅಂದರೆ ಎರಡೂ ಪಾಠ ತಲುಪುತ್ತವೆ, ಬೇರೆ ಬೇರೆ ಕೋಣೆಗಳಿಗೆ. ಸ್ಟುಡಿಯೋದ ಉತ್ತರ ಮತ್ತು ಕಾಫಿಯ ಉತ್ತರ ನಿಮಗೆ ನೆನಪಾಗಬಹುದು.

ಕಳೆದ ವರ್ಷ ಬೆಂಗಳೂರಿನ ಒಂದು ಮೇಲುಸೇತುವೆಯ ಇಳಿಜಾರಿನಲ್ಲಿ ಮುದುಕರೊಬ್ಬರು ದ್ವಿಚಕ್ರ ವಾಹನದಿಂದ ಬಿದ್ದಿದ್ದರು. ನಾನು ಕಾರಿನಲ್ಲಿದ್ದೆ, ಪಕ್ಕದಲ್ಲಿ ಮಗಳು. ಹಿಂದಿನವರು ಹಾರನ್ ಒತ್ತುತ್ತಿದ್ದರು. ನನ್ನ ಬಾಯಲ್ಲಿ ಬಂದದ್ದು ಅವೇ ಮೂರು ಪದಗಳು. ಮಗಳು ಏನೂ ಹೇಳಲಿಲ್ಲ. ಮನೆಗೆ ಬಂದು ಅವಳಿಗೆ 1988ರ ಕಥೆ ಹೇಳಿದೆ, ತಂದೆಗೂ ಫೋನ್ ಮಾಡಿದೆ. ಮೂವತ್ತೈದು ವರ್ಷಗಳಾದ ಮೇಲೆ ಅವರು ನನ್ನನ್ನು ತಿದ್ದಿದರು: ಹತ್ತು ಜನ ಅಲ್ಲ, ಐದು. ಸೈಕಲ್ಲಿನ ಕ್ಯಾರಿಯರ್ ಮೇಲೆ ಹುಲ್ಲಿನ ಹೊರೆ ಇತ್ತು.

ಆ ಭಯಕ್ಕೆ ಈಗ ಹಳೆಯ ಆಧಾರವಿಲ್ಲ. ನೆರವಿಗೆ ಬಂದವರನ್ನು ಕಾಪಾಡುವ ಮಾರ್ಗಸೂಚಿಗಳಿಗೆ ಸುಪ್ರೀಂ ಕೋರ್ಟು 2016ರಲ್ಲಿ ಕಾನೂನಿನ ಬಲ ಕೊಟ್ಟಿತು. ಕರ್ನಾಟಕದ್ದೇ ಕಾಯಿದೆಗೆ 2018ರಲ್ಲಿ ರಾಷ್ಟ್ರಪತಿಗಳ ಅಂಕಿತ ಬಿತ್ತು. 2019ರ ತಿದ್ದುಪಡಿಯಿಂದ ಮೋಟಾರು ವಾಹನ ಕಾಯಿದೆಯಲ್ಲಿ 134ಎ ಎಂಬ ಕಲಮು ಸೇರಿತು. ಗಾಯಾಳುವನ್ನು ಸೇರಿಸಿದವರು ಹೆಸರು ಹೇಳಲೇಬೇಕೆಂದಿಲ್ಲ, ಆಸ್ಪತ್ರೆ ಅವರನ್ನು ತಡೆದು ನಿಲ್ಲಿಸುವಂತಿಲ್ಲ, ಹಣ ಕೇಳುವಂತಿಲ್ಲ. ಇದನ್ನು ಮನೆಯಲ್ಲಿ ಮಕ್ಕಳಿದ್ದಾಗಲೇ ಗಟ್ಟಿಯಾಗಿ ಹೇಳಿ. 'ನಮಗ್ಯಾಕೆ' ಎಂಬುದನ್ನು ಅವರು ಕೇಳಿದ್ದೂ ಹಾಗೆಯೇ. ಇನ್ನು ಗುಂಪಿನ ನಡುವೆ ಸಿಕ್ಕಿದಾಗ 'ಯಾರಾದರೂ ಬನ್ನಿ' ಎನ್ನಬೇಡಿ, ಅದು ಯಾರಿಗೂ ತಲುಪುವುದಿಲ್ಲ. ಒಬ್ಬರತ್ತ ಕೈ ತೋರಿಸಿ: "ನೀಲಿ ಅಂಗಿಯವರೇ, ನೀವು 108ಕ್ಕೆ ಫೋನ್ ಮಾಡಿ." ನನ್ನ ಮಗಳು ಇದನ್ನು ಎರಡು ಸಲ ಹೇಳಿಸಿಕೊಂಡಳು. ಆಮೇಲೆ, ಅವತ್ತು ನೀಲಿ ಅಂಗಿ ಹಾಕಿದ್ದವರು ನೀವೇ ಅಲ್ಲವಾ ಎಂದು ಕೇಳಿದಳು.