ಗೋದಾಮಿನಲ್ಲಿ ಮನೆಯ ಸಾಮಾನು: ಬೀಗ ಯಾರದು, ಹೊಣೆ ಯಾರದು?

ವಿದೇಶಕ್ಕೆ ವರ್ಗಾವಣೆ, ಮನೆಯ ದುರಸ್ತಿ, ತೀರಿಕೊಂಡ ಹಿರಿಯರ ಮನೆಯನ್ನು ತೆರವು ಮಾಡಬೇಕಾದ ಸಂದರ್ಭ ಮುಂತಾದ ಕಾರಣಗಳಿಂದ ಬೆಂಗಳೂರಿನ ಅನೇಕ ಕುಟುಂಬಗಳು ಗೃಹೋಪಯೋಗಿ ವಸ್ತುಗಳನ್ನು ತಿಂಗಳ ಬಾಡಿಗೆಯ ಗೋದಾಮುಗಳಲ್ಲಿ ಇರಿಸುತ್ತಿವೆ. ನಗರದೊಳಗೆ ಜಾಗ ದುಬಾರಿಯಾದ್ದರಿಂದ ಇಂಥ ಸೆಲ್ಫ್ ಸ್ಟೋರೇಜ್ ಹುಡುಕುವವರ ದೃಷ್ಟಿ ನೆಲಮಂಗಲ, ಹೊಸಕೋಟೆ, ದೇವನಹಳ್ಳಿ, ದೊಡ್ಡಬಳ್ಳಾಪುರಗಳತ್ತ ಹೊರಳುವುದು ಸಹಜ. 2017ರ ಜುಲೈ 1ರಂದು ಜಿಎಸ್‌ಟಿ ಜಾರಿಗೆ ಬಂದ ಮೇಲೆ ಕಂಪನಿಗಳಿಗೆ ತೆರಿಗೆಯ ಕಾರಣಕ್ಕಾಗಿ ರಾಜ್ಯಕ್ಕೊಂದು ಸಣ್ಣ ಗೋದಾಮು ಇಡುವ ಅಗತ್ಯ ತಪ್ಪಿ, ಹೆದ್ದಾರಿಗಳ ಬದಿಯಲ್ಲಿ ಬೃಹತ್ ಉಗ್ರಾಣಗಳು ಹೆಚ್ಚಿದವು.

ಗ್ರಾಹಕರು ಸಾಮಾನ್ಯವಾಗಿ ವಿಚಾರಿಸುವುದು ಸಿಸಿಟಿವಿ ಇದೆಯೇ, ಕಾವಲುಗಾರರಿದ್ದಾರೆಯೇ ಎಂದು. ಅದಕ್ಕಿಂತ ಮುಖ್ಯವಾದ ಪ್ರಶ್ನೆ ಬೇರೆಯಿದೆ. ಬೀಗದ ಕೈ ಯಾರ ಬಳಿ ಇರುತ್ತದೆ?

ಈ ಸೇವೆಯಲ್ಲಿ ಎರಡು ಬಗೆ. ಮೊದಲನೆಯದರಲ್ಲಿ ಸಂಸ್ಥೆಯೇ ಸಾಮಾನನ್ನು ಕಟ್ಟಿ ಒಯ್ದು ತನ್ನ ವಶದಲ್ಲಿ ಇರಿಸಿಕೊಳ್ಳುತ್ತದೆ. 1872ರ ಭಾರತೀಯ ಕರಾರು ಕಾಯ್ದೆಯ 151ನೇ ಕಲಮಿನ ಪ್ರಕಾರ, ಪರರ ವಸ್ತುವನ್ನು ವಶಕ್ಕೆ ಪಡೆದವರು ಸಾಮಾನ್ಯ ವಿವೇಕವುಳ್ಳವನು ತನ್ನ ಸ್ವಂತ ವಸ್ತುವಿನ ಬಗ್ಗೆ ವಹಿಸುವಷ್ಟು ಎಚ್ಚರವನ್ನು ವಹಿಸಲೇಬೇಕು. ಎರಡನೆಯದರಲ್ಲಿ ಖಾಲಿ ಕೊಠಡಿಯೊಂದನ್ನು ಬಾಡಿಗೆಗೆ ಪಡೆದು ಗ್ರಾಹಕರೇ ಸ್ವಂತ ಬೀಗ ಹಾಕುತ್ತಾರೆ. ಇಲ್ಲಿ ಗೌಪ್ಯತೆ ಹೆಚ್ಚು. ಆದರೆ ‘ನಾವು ಕೊಟ್ಟದ್ದು ಜಾಗ ಮಾತ್ರ, ಒಳಗೆ ಏನಿತ್ತೆಂಬುದು ನಮಗೆ ತಿಳಿಯದು’ ಎಂದು ಮಾಲೀಕರು ವಾದಿಸಲು ಅವಕಾಶವಿರುತ್ತದೆ. ಆದ್ದರಿಂದ ಸಾಮಾನು ಒಳಗಿಡುವ ಮುನ್ನ ಛಾಯಾಚಿತ್ರ ಸಹಿತ ಪಟ್ಟಿ ತಯಾರಿಸಿ ಸಂಸ್ಥೆಯ ಸಹಿ ಪಡೆಯುವುದು ಲೇಸು. ಸಹಿ ಹಾಕಲು ಹಿಂಜರಿದರೆ ಅದೂ ಒಂದು ಉತ್ತರವೇ.

ಬ್ಯಾಂಕ್ ಲಾಕರಿನ ಭದ್ರತೆಯನ್ನು ಇಲ್ಲಿ ನಿರೀಕ್ಷಿಸಲಾಗದು. ರಿಸರ್ವ್ ಬ್ಯಾಂಕ್ 2021ರ ಆಗಸ್ಟ್‌ನಲ್ಲಿ ಹೊರಡಿಸಿದ ನಿಯಮದಂತೆ ಬೆಂಕಿ, ಕಳವು, ಕಟ್ಟಡ ಕುಸಿತ ಅಥವಾ ಸಿಬ್ಬಂದಿಯ ವಂಚನೆಯಿಂದ ಲಾಕರಿನ ವಸ್ತು ನಷ್ಟವಾದರೆ ಬ್ಯಾಂಕಿನ ಹೊಣೆ ವಾರ್ಷಿಕ ಬಾಡಿಗೆಯ 100 ಪಟ್ಟು. ಖಾಸಗಿ ಗೋದಾಮುಗಳಿಗೆ ಆ ನಿಯಮ ಅನ್ವಯಿಸದು. ಪರಿಹಾರದ ಮಿತಿಯನ್ನು ಒಪ್ಪಂದದಲ್ಲಿಯೇ ಹುಡುಕಬೇಕು. ಚಿನ್ನ, ನಗದು, ಆಸ್ತಿಪತ್ರಗಳನ್ನಂತೂ ಇಲ್ಲಿ ಇಡಬಾರದು. ಮನೆಯ ವಿಮೆಯಿದೆಯೆಂದು ನಿಶ್ಚಿಂತರಾಗುವಂತೆಯೂ ಇಲ್ಲ. ಅದು ಸಾಮಾನ್ಯವಾಗಿ ಪಾಲಿಸಿಯಲ್ಲಿ ನಮೂದಾದ ವಿಳಾಸಕ್ಕೆ ಸೀಮಿತ. ಸಾಗಣೆ ವಿಮೆಯೂ ಸಾಮಾನು ತಲುಪಿದ ಬಳಿಕ ಮುಗಿಯುತ್ತದೆ. ಗೋದಾಮಿನ ವಿಳಾಸಕ್ಕೆ ಪ್ರತ್ಯೇಕ ವಿಮೆ ಬೇಕು.

ಇನ್ನು ನೆಲದ ವಿಚಾರ. ಈ ಜಿಲ್ಲೆ ಕೆರೆಗಳ ಸರಪಳಿ. ಅರ್ಕಾವತಿ ದೊಡ್ಡಬಳ್ಳಾಪುರದ ಕಡೆಗೂ, ದಕ್ಷಿಣ ಪಿನಾಕಿನಿ ದೇವನಹಳ್ಳಿ, ಹೊಸಕೋಟೆಗಳ ಕಡೆಗೂ ಹರಿಯುವ ಹಾದಿಗಳು ಬೇಸಿಗೆಯಲ್ಲಿ ಕಣ್ಣಿಗೆ ಬೀಳುವುದಿಲ್ಲ. 2022ರ ಸೆಪ್ಟೆಂಬರ್‌ನಲ್ಲಿ ಬೆಂಗಳೂರಿನ ಹೊರವರ್ತುಲ ರಸ್ತೆಯ ಆಸುಪಾಸಿನ ನೆಲಮಾಳಿಗೆಗಳಿಗೆ ನೀರು ನುಗ್ಗಿದಾಗ ತಗ್ಗಿನ ಜಾಗದ ಬೆಲೆ ಎಷ್ಟೆಂಬುದು ತಿಳಿಯಿತು. ರಾಗಿ ತುಂಬುವ ಹಗೇವನ್ನು ನೀರು ಜಿನುಗದ ಗಟ್ಟಿ ನೆಲ ನೋಡಿಯೇ ತೋಡುತ್ತಿದ್ದ ಹಿಂದಿನ ರೈತರಿಗೆ ಈ ಮಾತು ಹೇಳಬೇಕಾಗಿರಲಿಲ್ಲ. ಗೋದಾಮಿನ ನೆಲಗಟ್ಟು ರಸ್ತೆಗಿಂತ ಎತ್ತರದಲ್ಲಿದೆಯೇ, ಸಮೀಪದ ಕೆರೆ ಕೋಡಿ ಬಿದ್ದರೆ ನೀರು ಎತ್ತ ಹರಿಯುತ್ತದೆ ಎಂದು ಊರಿನವರನ್ನೇ ಕೇಳಬೇಕು. ತಗಡಿನ ಛಾವಣಿಯಾದರೆ ಮಳೆ ಬಂದ ಮರುದಿನ ಹೋಗಿ ನೋಡುವುದು ಒಳ್ಳೆಯದು. ಮರದ ಸಾಮಾನನ್ನು ನೇರವಾಗಿ ನೆಲದ ಮೇಲಿಡದೆ ಹಲಗೆಗಳ ಮೇಲಿಟ್ಟರೆ ತೇವ, ಗೆದ್ದಲಿನ ಕಾಟ ಕಡಿಮೆ.

ಅಗ್ನಿಶಾಮಕ ಇಲಾಖೆಯ ನಿರಾಕ್ಷೇಪಣಾ ಪತ್ರ, ವ್ಯಾಪಾರ ಪರವಾನಗಿಗಳನ್ನು ತೋರಿಸುವಂತೆ ಕೇಳಲು ಸಂಕೋಚ ಬೇಡ. ಅಡುಗೆ ಅನಿಲದ ಸಿಲಿಂಡರ್, ಇನ್ವರ್ಟರ್ ಬ್ಯಾಟರಿ, ಪೆಟ್ರೋಲ್ ತುಂಬಿದ ದ್ವಿಚಕ್ರ ವಾಹನಗಳನ್ನು ಪಕ್ಕದ ಕೊಠಡಿಯವರು ಇಟ್ಟರೂ ಅಪಾಯ ಎಲ್ಲರಿಗೂ ಸಮಾನ.

ಬಾಡಿಗೆಯ ಮೇಲೆ ಶೇ 18ರಷ್ಟು ಜಿಎಸ್‌ಟಿ ಸೇರುತ್ತದೆ. ಸಾಗಣೆ, ಏರಿಸಿ ಇಳಿಸುವ ಕೂಲಿ ಪ್ರತ್ಯೇಕವೇ ಎಂಬುದನ್ನೂ ತಿಳಿದಿರಬೇಕು. ಬಾಡಿಗೆ ಬಾಕಿಯಾದರೆ ಸಾಮಾನನ್ನು ಹರಾಜು ಹಾಕುವ ಷರತ್ತು ಒಪ್ಪಂದದಲ್ಲಿದೆಯೇ ಎಂಬುದನ್ನು ಸಹಿಗೆ ಮುನ್ನವೇ ಓದಬೇಕು. ಎಷ್ಟು ದಿನಗಳ ನೋಟಿಸ್, ಯಾವ ವಿಳಾಸಕ್ಕೆ ಎಂಬುದು ಅಲ್ಲಿ ಸ್ಪಷ್ಟವಾಗಿರಲಿ. ಖಾಲಿ ಮಾಡಿದ ಮನೆಯ ವಿಳಾಸವನ್ನೇ ಕೊಟ್ಟು ವಿಮಾನ ಹತ್ತಿದವರಿಗೆ ಆ ನೋಟಿಸ್ ತಲುಪುವುದೇ ಇಲ್ಲ. ಊರಿನಲ್ಲಿರುವ ಬಂಧುವೊಬ್ಬರ ಹೆಸರು, ವಿಳಾಸವನ್ನು ಎರಡನೆಯ ಸಂಪರ್ಕವಾಗಿ ಒಪ್ಪಂದದಲ್ಲಿಯೇ ಬರೆಸಿ, ಕೊಠಡಿ ತೆರೆಯುವ ಅಧಿಕಾರವನ್ನೂ ಅವರಿಗೆ ಲಿಖಿತವಾಗಿ ಕೊಟ್ಟಿರಬೇಕು.