ಆಗಸ್ಟ್ ತಿಂಗಳ ಕೆಂಪು ಪಟ್ಟಿ

ಆಗಸ್ಟ್ ಬಂತೆಂದರೆ ಮುಖ್ಯ ಕಚೇರಿಯಿಂದ ನಮ್ಮ ಶಾಖೆಗೊಂದು ಪಟ್ಟಿ ಬರುತ್ತಿತ್ತು. ಸಾಲಗಾರರ ಹೆಸರು, ಖಾತೆ ಸಂಖ್ಯೆ, ಎಷ್ಟು ದಿನದಿಂದ ಕಂತು ಬಾಕಿ, ಎಲ್ಲವೂ ಅಚ್ಚುಕಟ್ಟು. ಸ್ವಲ್ಪ ತಡ ಮಾಡಿದವರಿಗೆ ಹಳದಿ ಬಣ್ಣ, ತೀರಾ ತಡ ಮಾಡಿದವರಿಗೆ ಕೆಂಪು. ಮಲ್ಪೆ ಬಂದರಿಗೆ ಹತ್ತಿರದ ಆ ಶಾಖೆಗೆ ನಾನು ಮ್ಯಾನೇಜರಾಗಿ ಹೋದ ಮೊದಲ ವರ್ಷ ಪಟ್ಟಿ ತೆರೆದರೆ ಪರದೆಯ ತುಂಬ ಕೆಂಪು. ಕೆಳಗೆ ಒಂದೇ ಸಾಲಿನ ಸೂಚನೆ: ಈ ಪ್ರದೇಶದಲ್ಲಿ ಸಣ್ಣ ಸಾಲಗಳನ್ನು ಸದ್ಯಕ್ಕೆ ನಿಲ್ಲಿಸಿ.

ಹೆಸರುಗಳನ್ನು ಓದುತ್ತ ಹೋದೆ. ಅರ್ಧಕ್ಕಿಂತ ಹೆಚ್ಚು ಮೀನು ಮಾರುವ ಹೆಂಗಸರು, ಉಳಿದವರಲ್ಲಿ ಬಲೆ ರಿಪೇರಿಯವರು, ಐಸ್ ಸಾಗಿಸುವ ಟೆಂಪೋದವರು. ಮರುದಿನ ಬೆಳಿಗ್ಗೆ ಮಾರುಕಟ್ಟೆಗೇ ಹೋದೆ. ಬುಟ್ಟಿಯೆದುರು ಕೂತಿದ್ದ ಒಬ್ಬರನ್ನು, “ಅಕ್ಕ, ಎರಡು ಕಂತು ಬಾಕಿ ಉಂಟಲ್ಲ?” ಎಂದು ಕೇಳಿದೆ. ಅವರು ನನ್ನನ್ನು ಮೇಲಿಂದ ಕೆಳಗೆ ನೋಡಿದರು.

“ಎರಡು ತಿಂಗಳು ಬೋಟು ಹೋಗ್ಲಿಲ್ಲ, ಮೀನು ಬರ್ಲಿಲ್ಲ. ಕಂತು ಎಲ್ಲಿಂದ ತರುದು ಸಾರ್? ನವರಾತ್ರಿ ಕಳೀಲಿ, ಒಟ್ಟಿಗೆ ಕಟ್ತೇನೆ.”

ನಾಚಿಕೆಯಾಯಿತು. ಕರಾವಳಿಯಲ್ಲೇ ಹುಟ್ಟಿದವನು ನಾನು. ಕರ್ನಾಟಕದ ಕಡಲಲ್ಲಿ ಯಾಂತ್ರಿಕ ದೋಣಿಗಳಿಗೆ ಜೂನ್ 1ರಿಂದ ಜುಲೈ 31ರವರೆಗೆ 61 ದಿನ ನಿಷೇಧ. ಮೀನು ಮೊಟ್ಟೆಯಿಡುವ ಕಾಲ, ಜೊತೆಗೆ ಕಡಲು ಹುಚ್ಚೆದ್ದಿರುವ ಕಾಲ. ನಾಡದೋಣಿಯವರು ತರುವ ಅಷ್ಟಿಷ್ಟು ಬಿಟ್ಟರೆ ಬುಟ್ಟಿ ಖಾಲಿ. ಊರಿನ ಮಕ್ಕಳಿಗೂ ಗೊತ್ತಿರುವ ಈ ಸಂಗತಿ ನಮ್ಮ ಪಟ್ಟಿಗೆ ಗೊತ್ತಿರಲಿಲ್ಲ. ಅದರಲ್ಲಿ ‘ತಿಂಗಳು’ ಎಂಬ ಕಾಲಮ್ ಇತ್ತು, ‘ಮಳೆಗಾಲ’ ಎಂಬುದು ಇರಲಿಲ್ಲ.

ಆಗ ತಾನೇ ಸೇರಿದ್ದ, ದಾವಣಗೆರೆ ಕಡೆಯ ಒಬ್ಬ ಕಿರಿಯ ಅಧಿಕಾರಿ ನಮ್ಮಲ್ಲಿದ್ದರು. ಎಕ್ಸೆಲ್ ಅವರ ಬೆರಳ ತುದಿಯಲ್ಲಿ ಕುಣಿಯುತ್ತಿತ್ತು. ಮೂರು ವರ್ಷದ ಮರುಪಾವತಿಯನ್ನು ತೆಗೆದು, ಸಾಲಗಾರರನ್ನು ಕಸುಬಿನ ಪ್ರಕಾರ ಬೇರೆ ಮಾಡಿ, ತಿಂಗಳುಗಳನ್ನು ಅಡ್ಡಕ್ಕೆ ಜೋಡಿಸಿ ಎಂದೆ. ಎರಡು ಸಂಜೆಯ ಕೆಲಸ. ಮೀನಿನ ಕಸುಬಿನವರ ಸಾಲು ಪ್ರತಿ ವರ್ಷವೂ ಒಂದೇ ರೀತಿ: ಜೂನ್‌ನಲ್ಲಿ ಹಳದಿಗೆ ತಿರುಗಿ, ಆಗಸ್ಟ್‌ನಲ್ಲಿ ಕೆಂಪಾಗಿ, ಡಿಸೆಂಬರ್ ಹೊತ್ತಿಗೆ ತೊಳೆದಿಟ್ಟ ಹಾಗೆ ಬಿಳಿ. ಅಂಗಡಿಯವರ, ಸಂಬಳದವರ ಸಾಲಿನಲ್ಲಿ ಈ ಏರಿಳಿತವೇ ಇಲ್ಲ. ನಾನು ನಿಜಕ್ಕೂ ಬೆಚ್ಚಿದ್ದು ಇನ್ನೊಂದನ್ನು ನೋಡಿ. ಜನವರಿಯಲ್ಲೂ ಕೆಂಪಾಗಿಯೇ ಉಳಿದ ಕೆಲವು ಹೆಸರುಗಳಿದ್ದವು. ಮೀನಿಗೂ ಮಳೆಗೂ ಸಂಬಂಧವಿಲ್ಲದವರು, ನಿಜವಾಗಿ ಮುಳುಗುತ್ತಿದ್ದವರು. ಮಳೆಗಾಲದಲ್ಲಿ ಎಲ್ಲರ ಹಿಂದೆ ಓಡಿ ದಣಿಯುತ್ತಿದ್ದ ನಾವು, ಓಡಲೇಬೇಕಾದ ಆ ಕೆಲವರ ಮನೆಗೆ ಒಮ್ಮೆಯೂ ಹೋಗಿರಲಿಲ್ಲ.

ಈಗ ಎಲ್ಲರ ಬಾಯಲ್ಲೂ ಇರುವ ‘ಡೇಟಾ ಅನಾಲಿಟಿಕ್ಸ್’ ಎಂಬ ದೊಡ್ಡ ಹೆಸರಿನ ಕೆಳಗೆ ನಡೆಯುವುದು ಬಹುಪಾಲು ಇಷ್ಟೇ. ಇರುವ ಲೆಕ್ಕವನ್ನು ಬೇರೆ ಬೇರೆ ಕಡೆಯಿಂದ ಕತ್ತರಿಸಿ ನೋಡುವುದು, ಕಂಡದ್ದಕ್ಕೆ ತಕ್ಕಂತೆ ಒಂದು ತೀರ್ಮಾನ ಬದಲಿಸುವುದು. ನಾವು ಬದಲಿಸಲು ಕೇಳಿದ್ದು: ಮೀನಿನ ಕಸುಬಿನ ಹೊಸ ಸಾಲಗಳಿಗೆ ವರ್ಷಕ್ಕೆ 10 ಕಂತು, ಜೂನ್ ಜುಲೈಗೆ ರಜೆ. ಕಟ್ಟಬೇಕಾದ ಹಣ 90 ದಿನ ಮೀರಿ ಬಾಕಿ ಉಳಿದರೆ ಸಾಲ ‘ಅನುತ್ಪಾದಕ’ ಎಂಬ ಪಟ್ಟ ಹೊರುತ್ತದೆ. ಜೂನ್ ಕಂತು ತಪ್ಪಿದವರು ಸೆಪ್ಟೆಂಬರಿನಲ್ಲಿ, ಇನ್ನೇನು ವ್ಯಾಪಾರ ಕುದುರುವ ಹೊತ್ತಿಗೆ, ಆ ಗುಂಡಿಗೆ ಬೀಳುತ್ತಿದ್ದರು. ಕೃಷಿಕನ ಬೆಳೆಸಾಲಕ್ಕೆ ಕೊಯ್ಲು ನೋಡಿ ಗಡುವು ಕೊಡುವ ಬ್ಯಾಂಕು ಮೀನಿನವರಿಗೆ ಕಡಲು ನೋಡಿ ಕೊಡಬಾರದೇ ಎಂದು ಬರೆದೆ. ಒಪ್ಪಿಗೆ ಬರಲು ಒಂದೂವರೆ ವರ್ಷ ಹಿಡಿಯಿತು. ಎಕ್ಸೆಲ್ ಎರಡು ಸಂಜೆಯಲ್ಲಿ ಹೇಳಿದ್ದನ್ನು ಕಡತ ಒಂದೂವರೆ ವರ್ಷದಲ್ಲಿ ಕೇಳಿಸಿಕೊಂಡಿತು.

ನಮ್ಮ ಜಿಲ್ಲೆಗೆ ಈ ವಿದ್ಯೆ ಹೊಸದಲ್ಲ. 1925ರಲ್ಲಿ ಉಡುಪಿಯಲ್ಲಿ ಉಪೇಂದ್ರ ಅನಂತ ಪೈ, ವಾಮನ ಕುಡ್ವ ಮತ್ತು ಡಾ. ಟಿ.ಎಂ.ಎ. ಪೈ ಸೇರಿ, ಕೈಮಗ್ಗದ ನೇಕಾರರಿಗೆ ಆಸರೆಯಾಗಲೆಂದು ಹುಟ್ಟುಹಾಕಿದ ಸಂಸ್ಥೆ ಮುಂದೆ ಸಿಂಡಿಕೇಟ್ ಬ್ಯಾಂಕ್ ಆಯಿತು. ಅದು 1928ರಲ್ಲಿ ಶುರು ಮಾಡಿದ ‘ಪಿಗ್ಮಿ’ ಠೇವಣಿಯಲ್ಲಿ ಏಜೆಂಟರು ಮನೆ ಬಾಗಿಲಿಗೆ ಬಂದು ದಿನಕ್ಕೆ ಎರಡಾಣೆಯಷ್ಟು ಕಡಿಮೆ ಹಣವನ್ನೂ ಒಟ್ಟು ಮಾಡುತ್ತಿದ್ದರು. ನಾನು 1985ರಲ್ಲಿ ಗುಮಾಸ್ತನಾಗಿ ಸೇರಿದಾಗ ನಮ್ಮ ಮ್ಯಾನೇಜರರು ಸಾಲದ ಅರ್ಜಿ ಬಂದರೆ ಮೊದಲು ಕೇಳುತ್ತಿದ್ದದ್ದು ಪಿಗ್ಮಿ ಕಾರ್ಡನ್ನು. ಹಣ ಎಷ್ಟಿದೆ ಎಂದು ನೋಡುತ್ತಿರಲಿಲ್ಲ. ಎಷ್ಟು ದಿನ ತಪ್ಪಿದೆ, ತಪ್ಪಿದ ಮೇಲೆ ಎಷ್ಟು ದಿನದಲ್ಲಿ ಮತ್ತೆ ಶುರುವಾಗಿದೆ ಎಂದು ಬೆರಳಿಟ್ಟು ಎಣಿಸುತ್ತಿದ್ದರು. ಆಮೇಲೆ ಏಜೆಂಟರನ್ನು ಕರೆದು, “ಹೋದ ಕಾರ್ತಿಕದಲ್ಲಿ ಇವರದ್ದು ಹದಿನೈದು ದಿನ ಖಾಲಿ ಉಂಟಲ್ಲ ಮಾರಾಯ್ರೆ, ಯಾಕೆ?” ಎನ್ನುತ್ತಿದ್ದರು. ಬಾಣಂತನವೋ, ಸಾವೋ, ಕುಡಿತವೋ, ಏಜೆಂಟರಿಗೆ ಗೊತ್ತಿರುತ್ತಿತ್ತು.

ಲೆಕ್ಕ ಕಂಪ್ಯೂಟರಿಗೆ ಬಂದ ಮೇಲೆ ಆ ‘ಯಾಕೆ’ ಬಿಟ್ಟುಹೋಯಿತು. ಬದಲಿಗೆ ಬಂದದ್ದು ವ್ಯಾಪ್ತಿ. ಒಬ್ಬ ಏಜೆಂಟರು ಒಂದು ಕೇರಿಯನ್ನು ಬಲ್ಲರು. ಯಂತ್ರ ದೇಶವನ್ನೇ ನೋಡುತ್ತದೆ. 2000ದಲ್ಲಿ ಸಾಲಗಾರರ ದಾಖಲೆ ಇಡುವ ಸಿಬಿಲ್ ಬಂತು, ಈಗ ಅಂಥ ನಾಲ್ಕು ಸಂಸ್ಥೆಗಳಿವೆ. ನೀವು ಯಾವ ಬ್ಯಾಂಕಿನಲ್ಲಿ ಸಾಲ ಮಾಡಿದರೂ, ಕಂತು ತಪ್ಪಿದರೂ ಅಲ್ಲಿಗೆ ವರದಿ ಹೋಗುತ್ತದೆ. ಅದರಿಂದ 300ರಿಂದ 900ರ ನಡುವಿನ ಒಂದು ಅಂಕ ಹುಟ್ಟುತ್ತದೆ. 2025ರ ಜನವರಿಯಿಂದ ಈ ವರದಿ ಹದಿನೈದು ದಿನಕ್ಕೊಮ್ಮೆಯಾದರೂ ಹೋಗಬೇಕೆಂದು ರಿಸರ್ವ್ ಬ್ಯಾಂಕ್ ನಿಯಮ ಮಾಡಿತು. ನಿಮ್ಮ ವರದಿಯನ್ನು ಪ್ರತಿ ಸಂಸ್ಥೆಯಿಂದಲೂ ವರ್ಷಕ್ಕೊಮ್ಮೆ ಪುಕ್ಕಟೆಯಾಗಿ ಪಡೆಯಬಹುದು. ಪಡೆಯಿರಿ. ತೀರಿಸಿದ ಸಾಲ ತೀರಿಲ್ಲವೆಂದೇ ಅಲ್ಲಿ ಕೂತಿರುವುದನ್ನು ಕಣ್ಣಾರೆ ಕಂಡಿದ್ದೇನೆ.

ಬ್ಯಾಂಕುಗಳು ಇದಕ್ಕೆಲ್ಲ ಇಷ್ಟೊಂದು ದುಡ್ಡು ಸುರಿಯುವುದು ಯಾಕೆ? ಲೆಕ್ಕಕ್ಕೆಂದು ಇಟ್ಟುಕೊಳ್ಳಿ: 50,000 ರೂಪಾಯಿಯ 100 ಸಾಲ ಕೊಟ್ಟಿದ್ದೀರಿ. ಠೇವಣಿಯ ಬಡ್ಡಿ, ಸಂಬಳ, ಬಾಡಿಗೆ ಕಳೆದು ಸರಿಯಾಗಿ ಕಟ್ಟಿದ ಒಂದೊಂದು ಸಾಲದಿಂದ 1,500 ಉಳಿಯುತ್ತದೆ. ಮುಳುಗಿದ ಒಂದೊಂದರಿಂದ 30,000 ಹೋಗುತ್ತದೆ. ಐದು ಮುಳುಗಿದವೆಂದರೆ ಗಳಿಕೆ 1,42,500, ನಷ್ಟ 1,50,000. ವರ್ಷವಿಡೀ ದುಡಿದು 7,500 ಕೈಬಿಟ್ಟ ಹಾಗಾಯಿತು. ಮುಳುಗಿದ್ದು ನಾಲ್ಕೇ ಆದರೆ? ಗಳಿಕೆ 1,44,000, ನಷ್ಟ 1,20,000, ಕೈಯಲ್ಲಿ 24,000. ನೂರರಲ್ಲಿ ಒಬ್ಬರನ್ನು ಮೊದಲೇ ಗುರುತಿಸಿದ್ದಕ್ಕೆ ನಷ್ಟದ ಅಂಗಡಿ ಲಾಭದ ಅಂಗಡಿಯಾಯಿತು.

ಆದರೆ ಆ ಒಬ್ಬರನ್ನು ಹುಡುಕುವ ಭರದಲ್ಲಿ ಹತ್ತು ಒಳ್ಳೆಯವರನ್ನು ಹೊರಗೆ ಕಳಿಸಿದರೆ ಅದು ಎಲ್ಲಿ ಕಾಣುತ್ತದೆ? ಎಲ್ಲೂ ಕಾಣುವುದಿಲ್ಲ. ವೃತ್ತಿಯಲ್ಲಿ ನನಗೆ ಅತ್ಯಂತ ತಡವಾಗಿ ಹೊಳೆದ ಸಂಗತಿ ಇದು. ಕೊಟ್ಟ ಸಾಲ ಮುಳುಗಿದರೆ ಮ್ಯಾನೇಜರನಿಗೆ ನೋಟಿಸು ಬರುತ್ತದೆ. ಕೊಡದ ಸಾಲಕ್ಕೆ ಕಡತವೇ ಇಲ್ಲ. ತೊಂಬತ್ತರ ದಶಕದಲ್ಲಿ ಒಬ್ಬ ಸ್ಕೂಟರ್ ಮೆಕ್ಯಾನಿಕನಿಗೆ ನಾನು ಸಾಲ ಕೊಡಲಿಲ್ಲ. ಜಾಮೀನು ಹಾಕುವವರು ಸರಿಯಿಲ್ಲ ಎನ್ನಿಸಿತ್ತು. ಅವನು ಮಾವನ ಹತ್ತಿರ ಹಣ ತಂದು ಗ್ಯಾರೇಜು ಹಾಕಿದ; ಈಗ ನನ್ನ ಕಾರಿನ ಸರ್ವಿಸ್ ಅಲ್ಲೇ. ನನ್ನ ತಪ್ಪು ಯಾವ ದಾಖಲೆಯಲ್ಲೂ ಇಲ್ಲ. ಯಂತ್ರವೂ ಹೀಗೆಯೇ: ಹಿಂದೆ ಸಾಲ ಪಡೆದವರ ನಡತೆಯಿಂದಷ್ಟೇ ಅದು ಕಲಿಯುತ್ತದೆ, ಬೇಡವೆಂದು ಕಳಿಸಿದವರು ಹೇಗೆ ಕಟ್ಟುತ್ತಿದ್ದರೋ ಅದಕ್ಕೆ ಗೊತ್ತಿಲ್ಲ. ಮುಖ್ಯ ಕಚೇರಿಯ ಮಾತು ಕೇಳಿ ಮಲ್ಪೆಯ ಕಡೆ ಸಾಲ ನಿಲ್ಲಿಸಿದ್ದರೆ, ಆ ಆಜ್ಞೆ ತಪ್ಪೆಂದು ತೋರಿಸುವ ಅಂಕಿ ಮುಂದೆಂದೂ ಹುಟ್ಟುತ್ತಲೇ ಇರಲಿಲ್ಲ. ಜಾಣ ಸಂಸ್ಥೆಗಳು ಇದಕ್ಕೊಂದು ಉಪಾಯ ಮಾಡುತ್ತವೆ. ಅಂಕ ಸಾಲದವರಲ್ಲಿ ಕೆಲವರಿಗೆ ಬೇಕೆಂತಲೇ ಸಣ್ಣ ಸಾಲ ಕೊಟ್ಟು ನೋಡುತ್ತವೆ, ಕಲಿಕೆಯ ಶುಲ್ಕ ಎಂದುಕೊಂಡು.

ಇದರ ತಿರುವುಮುರುವೂ ಉಂಟು. ಕಂತು ಒಂದು ದಿನವೂ ತಪ್ಪಿಲ್ಲ, ಅಂಕ ಚೆನ್ನಾಗಿದೆ, ಆದರೆ ಕಟ್ಟಿದ್ದು ಮೀಟರ್ ಬಡ್ಡಿಯ ಕೈಸಾಲದಿಂದ. ಕೈಸಾಲ ಯಾವ ಸಂಸ್ಥೆಗೂ ವರದಿಯಾಗುವುದಿಲ್ಲ. ಕಿರುಸಾಲ ಪಡೆಯುವ ಮನೆಯ ಎಲ್ಲ ಸಾಲಗಳ ಕಂತು ಸೇರಿ ತಿಂಗಳ ಆದಾಯದ ಅರ್ಧ ಮೀರಬಾರದು ಎಂಬ ರಿಸರ್ವ್ ಬ್ಯಾಂಕಿನ ನಿಯಮ 2022ರ ಏಪ್ರಿಲ್‌ನಿಂದ ಇದೆ. ಒಳ್ಳೆಯ ನಿಯಮ. ಆದರೆ ಆ ಅರ್ಧವನ್ನು ಲೆಕ್ಕ ಹಾಕುವುದು ಕಣ್ಣಿಗೆ ಕಂಡ ಸಾಲದಿಂದ. ಹಳ್ಳಿಹಳ್ಳಿಯಲ್ಲಿ ವಸೂಲಿಯ ಕಿರುಕುಳ ಹೆಚ್ಚಿ 2025ರಲ್ಲಿ ನಮ್ಮ ಸರ್ಕಾರ ಸುಗ್ರೀವಾಜ್ಞೆ ತರಬೇಕಾಗಿ ಬಂದದ್ದನ್ನು ಪತ್ರಿಕೆಗಳಲ್ಲಿ ಓದಿದಾಗ ನನಗೆ ನೆನಪಾದದ್ದು, ಒಂದೂ ಕಂತು ತಪ್ಪಿಸದೆ ಒಂದು ದಿನ ಊರನ್ನೇ ಬಿಟ್ಟುಹೋದ ನಮ್ಮ ಒಬ್ಬ ಗ್ರಾಹಕರು. ಅವರ ಸಾಲಿನಲ್ಲಿ ಹಳದಿಯೂ ಇರಲಿಲ್ಲ.

ವಂಚನೆ ಹಿಡಿಯುವ ಯಂತ್ರಗಳ ಬಗ್ಗೆಯೂ ಒಂದು ಮಾತು. ಕಾರ್ಡು ಅಂಗಡಿಯಲ್ಲಿ ಇದ್ದಕ್ಕಿದ್ದಂತೆ ನಿಂತುಹೋಯಿತೆಂದು ಬಂದು ಕೌಂಟರಿನಲ್ಲಿ ಕೂಗಾಡಿದವರನ್ನು ನಾನು ಎಷ್ಟೋ ಸಲ ಸಮಾಧಾನ ಮಾಡಿದ್ದೇನೆ. ಇದೂ ಲೆಕ್ಕದ್ದೇ ತಮಾಷೆ. ಒಂದು ಲಕ್ಷ ವ್ಯವಹಾರದಲ್ಲಿ 100 ಮೋಸದವು ಎನ್ನಿ. ಯಂತ್ರ ಅವುಗಳಲ್ಲಿ 95ನ್ನು ಹಿಡಿಯುತ್ತದೆ, ಸಾಚಾ ವ್ಯವಹಾರಗಳಲ್ಲಿ ನೂರಕ್ಕೆ ಒಂದನ್ನು ಮಾತ್ರ ತಪ್ಪಾಗಿ ತಡೆಯುತ್ತದೆ. ಕೇಳಲು ಭರ್ಜರಿ. ಆದರೆ ಸಾಚಾ ಇರುವುದು 99,900. ಅದರಲ್ಲಿ ನೂರಕ್ಕೊಂದು ಎಂದರೆ 999. ಒಟ್ಟು ತಡೆದ 1,094ರಲ್ಲಿ ಕಳ್ಳರು 95, ನೂರಕ್ಕೆ ಒಂಬತ್ತೂ ಆಗಲಿಲ್ಲ. ಮಿಕ್ಕವರು ಮಗಳ ಮದುವೆ ಸೀರೆಗೆಂದು ಕಾರ್ಡು ಉಜ್ಜಿದವರು. ಎಳೆ ಎಷ್ಟು ಬಿಗಿ ಮಾಡಬೇಕೆಂದು ಗಣಿತ ಹೇಳಿಕೊಡುವುದಿಲ್ಲ. ಹೋಗುವ ಹಣ ಎಷ್ಟು, ಮುನಿಸಿಕೊಂಡು ಹೋಗುವ ಗ್ರಾಹಕರೆಷ್ಟು ಎಂದು ತೂಗಿ ಬ್ಯಾಂಕೇ ನಿರ್ಧರಿಸಬೇಕು.

ನಾನು ನಿವೃತ್ತನಾದದ್ದು 2021ರಲ್ಲಿ. ಹಿಂದಿನ ವರ್ಷ ಕೊರೋನಾದಿಂದಾಗಿ ಮಾರ್ಚ್‌ನಿಂದ ಆಗಸ್ಟ್‌ವರೆಗೆ ಕಂತುಗಳಿಗೆ ವಿನಾಯಿತಿ ಇತ್ತು; ಯಾರು ಕಷ್ಟದಿಂದ ಕಟ್ಟಲಿಲ್ಲ, ಯಾರು ಸುಮ್ಮನೆ ಕಟ್ಟಲಿಲ್ಲ ಎಂದು ಯಾವ ಪಟ್ಟಿಯೂ ಹೇಳಲಾರದ ಕಾಲ. ಮತ್ತೆ ಫೋನು ಹಿಡಿದು ಒಬ್ಬೊಬ್ಬರನ್ನೇ ಕೇಳಿದೆವು.

ಕಳೆದ ವರ್ಷ ಮಾರುಕಟ್ಟೆಯಲ್ಲಿ ಅದೇ ಅಕ್ಕ ಸಿಕ್ಕರು. ಶೀತಲ ಪೆಟ್ಟಿಗೆಗೆಂದು ಸಾಲ ಕೇಳಿದ್ದರಂತೆ. “ಮಿಷನ್ನಿನಲ್ಲಿ ನನ್ನ ವ್ಯಾಪಾರವೇ ಇಲ್ಲವಂತೆ ಸಾರ್. ಇಷ್ಟು ವರ್ಷ ನಾನು ಇಲ್ಲಿ ಕೂತು ಎಂತ ಮಾಡಿದ್ದು ಹಾಗಾದರೆ?”

ಅವರ ಬುಟ್ಟಿಗೆ ಒರಗಿಸಿದ್ದ ಕ್ಯೂಆರ್ ಹಲಗೆಯನ್ನು ನೋಡಿದೆ. 2021ರ ಸೆಪ್ಟೆಂಬರಿನಲ್ಲಿ ‘ಅಕೌಂಟ್ ಅಗ್ರಿಗೇಟರ್’ ವ್ಯವಸ್ಥೆ ಬಂದ ಮೇಲೆ, ಗ್ರಾಹಕರು ಒಪ್ಪಿದರೆ ಒಂದು ಬ್ಯಾಂಕಿನ ಖಾತೆ ವಿವರವನ್ನು ಸಾಲ ಕೊಡುವ ಇನ್ನೊಬ್ಬರು ನೇರವಾಗಿ ತರಿಸಿಕೊಳ್ಳಬಹುದು. ಆಸ್ತಿಪತ್ರವಿಲ್ಲದವರಿಗೂ ದಿನದಿನದ ವಹಿವಾಟೇ ಆಧಾರವಾಗುತ್ತದೆ, ಹಳೆಯ ಪಿಗ್ಮಿ ಕಾರ್ಡಿನ ಹಾಗೆ. ಅಕ್ಕನ ವಹಿವಾಟೂ ಆ ಹಲಗೆಯಲ್ಲೇ ಇತ್ತು. ಸ್ಕ್ಯಾನ್ ಮಾಡಿದರೆ ಫೋನಿನ ಪರದೆಯ ಮೇಲೆ ಬಂದದ್ದು ಅವರ ಮಗನ ಹೆಸರು. ನಸುಕಿಗೆದ್ದು ಬಂದರಿಗೆ ಹೋಗುವುದು ಇವರು, ಹರಾಜಿನಲ್ಲಿ ಕೂಗುವುದು ಇವರು, ಬೆಂಗಳೂರಿನಲ್ಲಿ ಬೇರೆ ಕೆಲಸದಲ್ಲಿರುವ ಹುಡುಗನ ಖಾತೆಯಲ್ಲಿ ಮೀನಿನ ವ್ಯಾಪಾರ. ಅವನಿಗೆ ಪದೇ ಪದೇ “ನೀವು ಸಾಲಕ್ಕೆ ಅರ್ಹರು” ಎಂಬ ಮೆಸೇಜು ಬರುತ್ತಿತ್ತಂತೆ.

ಅಕ್ಕನ ಖಾತೆಗೆ ಅವರದ್ದೇ ಮೊಬೈಲ್ ನಂಬರ್ ಜೋಡಿಸಿ, ಹೊಸ ಹಲಗೆ ತರಿಸಲು ಬ್ಯಾಂಕಿಗೆ ಎರಡು ಸಲ ಹೋಗಬೇಕಾಯಿತು. ಮೊನ್ನೆ ಬಂಗುಡೆ ತರಲು ಹೋದಾಗ ಬುಟ್ಟಿಯ ಬಳಿ ಎರಡೂ ಹಲಗೆ ಇದ್ದವು. ಯಾವುದಕ್ಕೆ ಹಾಕಲಿ ಎಂದೆ.

“ಇದಕ್ಕೆ ಹಾಕಿ ಸಾರ್. ಅದು ಮಗನದ್ದು, ಗಾಳಿಗೆ ಪೇಪರು ಹಾರದ ಹಾಗೆ ಇಟ್ಟದ್ದು.”