ಸರ್ ಎಂ.ವಿ. ಹೆಸರಿನ 'ಸರ್' ಯಾವುದು?

ನಾವು ದಿನಕ್ಕೆ ಎಷ್ಟು ಸಲ 'ಸರ್' ಅಂತೀವೋ ಲೆಕ್ಕವಿಲ್ಲ. ಲೆಕ್ಚರರ್‌ಗೂ ಸರ್, ಬಸ್ ಕಂಡಕ್ಟರ್‌ಗೂ ಸರ್. ಆದರೆ ಸೆಪ್ಟೆಂಬರ್ 15ಕ್ಕೆ ಬ್ಯಾನರ್ ಮೇಲೆ ಬರೆಯುವ 'ಸರ್ ಎಂ.ವಿ.'ಯ ಸರ್ ಬೇರೆ. ಅದು ಬ್ರಿಟಿಷ್ ರಾಜನ ಹೆಸರಿನಲ್ಲಿ ಕೊಡುತ್ತಿದ್ದ ಬಿರುದು, ನೈಟ್‌ಹುಡ್. ವಿಶ್ವೇಶ್ವರಯ್ಯನವರು ಮೈಸೂರಿನ ದಿವಾನರಾಗಿದ್ದಾಗ, 1915ರಲ್ಲಿ, ಅವರಿಗೆ ಕೆ.ಸಿ.ಐ.ಇ. ಬಿರುದು ಬಂತು. ಅದರ ಜೊತೆಗೇ 'ಸರ್' ಬಂತು.

ಆಗ ದಿವಾನರು, ಹೈಕೋರ್ಟ್ ಜಡ್ಜ್‌ಗಳು, ಮಂತ್ರಿಗಳು ಹಲವರಿಗೆ ಇದು ಸಿಗ್ತಿತ್ತು. ಇಂಗ್ಲೆಂಡ್‌ನಲ್ಲಿ ಈಗಲೂ ಇದೆ. ಅಲ್ಲಿ ಹೈಕೋರ್ಟ್ ಜಡ್ಜ್ ಆದವರಿಗೆ ರೂಢಿಯಂತೆ ಬಿರುದು ಕೊಡ್ತಾರೆ: ಗಂಡಸರಿಗೆ 'ಸರ್', ಹೆಂಗಸರಿಗೆ 'ಡೇಮ್'. ಪ್ರಧಾನಿಯಾಗಿದ್ದ ಟೋನಿ ಬ್ಲೇರ್ ಕೂಡ 2022ರಲ್ಲಿ 'ಸರ್' ಆದರು.

ಈಗ ನಮ್ಮ ಶಿವಮೊಗ್ಗ ಕಡೆ ನೋಡಿ. ಸೊರಬ, ಶಿಕಾರಿಪುರ ಅಕ್ಕಪಕ್ಕದ ತಾಲೂಕುಗಳು. ಸೊರಬದ ಬಂಗಾರಪ್ಪ, ಶಿಕಾರಿಪುರದ ಯಡಿಯೂರಪ್ಪ ಇಬ್ಬರೂ ಮುಖ್ಯಮಂತ್ರಿಗಳಾದರು. ಆದರೆ ಅಂಥ 'ಸರ್' ಇಬ್ಬರಿಗೂ ಇಲ್ಲ, ಇರೋಕೂ ಆಗಲ್ಲ. ಸಂವಿಧಾನದ 18ನೇ ವಿಧಿ ಪ್ರಕಾರ ಸೇನೆ ಮತ್ತು ವಿದ್ಯೆಗೆ ಸಂಬಂಧಿಸಿದ್ದು ಬಿಟ್ಟು ಬೇರೆ ಬಿರುದನ್ನು ಸರ್ಕಾರ ಕೊಡುವಂತಿಲ್ಲ. ಬೇರೆ ದೇಶ ಕೊಟ್ಟರೆ ನಾವು ತಗೊಳ್ಳುವಂತೆಯೂ ಇಲ್ಲ. ಮಜಾ ಏನಂದ್ರೆ, ಸಂವಿಧಾನದ ಮೊದಲ ಕರಡು ಸಿದ್ಧಮಾಡಿದ ಕರಾವಳಿಯ ಬೆನಗಲ್ ನರಸಿಂಗ ರಾವ್ ಹೈಕೋರ್ಟ್ ಜಡ್ಜ್ ಆಗಿದ್ದವರು, ಸ್ವತಃ 'ಸರ್'!

ಹಾಗಾದ್ರೆ ಪದ್ಮಶ್ರೀ, ಭಾರತ ರತ್ನ? ಅವು ಪ್ರಶಸ್ತಿ, ಬಿರುದಲ್ಲ. ಹೆಸರಿನ ಹಿಂದೆ ಮುಂದೆ ಹಾಕಿಕೊಳ್ಳುವಂತಿಲ್ಲ ಅಂತ 1995ರಲ್ಲಿ ಸುಪ್ರೀಂ ಕೋರ್ಟ್ ಹೇಳಿದೆ.

ಒಂದು ಪದಕ್ಕೆ ಇಷ್ಟೆಲ್ಲ ಯಾಕೆ? ಬಿರುದು ಮೇಲಿನಿಂದ ಬರುತ್ತೆ, ತಗೊಂಡವರ ಕಣ್ಣು ಕೊಟ್ಟವರ ಕಡೆಗೇ ಇರುತ್ತೆ. ಸರ್ಕಾರದ ವಿರುದ್ಧದ ಕೇಸ್ ಕೇಳಬೇಕಾದ ಜಡ್ಜ್, ಜನರ ಪರ ಮಾತಾಡಬೇಕಾದ ಮಂತ್ರಿ ಇಬ್ಬರಿಗೂ ಆ ಋಣ ಒಳ್ಳೆಯದಲ್ಲ.

ಇದನ್ನು ಶಿಕಾರಿಪುರ ತಾಲೂಕಿನ ಈಸೂರು ಸಂವಿಧಾನಕ್ಕಿಂತ ಮೊದಲೇ ತೋರಿಸಿತ್ತು. 1942ರಲ್ಲಿ ಊರವರು ತಮ್ಮದೇ ಸರ್ಕಾರ ಘೋಷಿಸಿ, ಇಬ್ಬರು ಹುಡುಗರನ್ನು ತಹಶೀಲ್ದಾರ್, ಸಬ್ ಇನ್‌ಸ್ಪೆಕ್ಟರ್ ಮಾಡಿದರು. ನಮಗಿಂತ ಚಿಕ್ಕವರು! ಆಮೇಲಿನ ಘರ್ಷಣೆಯಲ್ಲಿ ಸರ್ಕಾರದ ಅಮಲ್ದಾರರು, ಸಬ್ ಇನ್‌ಸ್ಪೆಕ್ಟರ್ ಸತ್ತರು. 1943ರಲ್ಲಿ ಊರಿನ ಐವರಿಗೆ ಗಲ್ಲಾಯಿತು. ಆ ಹುಡುಗರಿಗೆ ಹುದ್ದೆ ಕೊಟ್ಟಿದ್ದು ರಾಜನಲ್ಲ, ಊರು. ಇವತ್ತು ಅದೇ ಕೆಲಸವನ್ನು ನಮ್ಮ ವೋಟು ಮಾಡುತ್ತೆ. ನಮ್ಮಲ್ಲಿ ಹಲವರಿಗೆ ಈಗಾಗಲೇ ಹದಿನೆಂಟು ದಾಟಿದೆ, ಆ ಕೆಲಸ ನಮ್ಮದೂ ಹೌದು.